ಆಟೋಮ್‌ಗ್ರೂಪ್ ಪ್ಯಾಕೇಜ್: ಮರದ ಮೇಲಿನ ಗ್ರೂಪ್ ಕಲಿಯುವವರಿಗೆ ಹೇಳಿ ಮಾಡಿಸಿದ್ದು

ಬೆಳಗಾವಿಯಲ್ಲಿ ಎಂ.ಎಸ್ಸಿ. ಗಣಿತ ಓದುತ್ತಾ ಗ್ರೂಪ್ ಥಿಯರಿ ಇಷ್ಟಪಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಲ್ಯಾಪ್‌ಟಾಪಿಗೆ ಗ್ಯಾಪ್ (GAP) ಎಂಬ ಬೀಜಗಣಿತದ ಲೆಕ್ಕ ಮಾಡುವ ಸಾಫ್ಟ್‌ವೇರ್ ಹಾಕಿಕೊಳ್ಳಿ. ಪೂರ್ತಿ ಉಚಿತ. 1986ರಲ್ಲಿ ಜರ್ಮನಿಯ ಆಖನ್‌ನಲ್ಲಿ ಶುರುವಾದ ಈ ಸಾಫ್ಟ್‌ವೇರನ್ನು ಇವತ್ತಿಗೂ ಗಣಿತದವರೇ ಸೇರಿ ಬೆಳೆಸುತ್ತಿದ್ದಾರೆ. ಅದರ ಜೊತೆಗೇ ಬರುವ ಆಟೋಮ್‌ಗ್ರೂಪ್ ಎಂಬ ಪ್ಯಾಕೇಜ್ ನನಗೆ ಜಾಸ್ತಿ ಇಷ್ಟ. ಮುಂಟ್ಯಾನ್ ಮತ್ತು ಸಾವ್‌ಚುಕ್ ಬರೆದದ್ದು.

ಬೇರಿನಿಂದ ಹೊರಟು ಪ್ರತಿ ಗಂಟಿನಲ್ಲೂ ಎರಡೆರಡು ಕವಲೊಡೆಯುವ, ಕೊನೆಯೇ ಇಲ್ಲದ ಮರ ಅಂದುಕೊಳ್ಳಿ. ಕವಲುಗಳನ್ನು ಅದಲುಬದಲು ಮಾಡುವ ಒಂದು ಗ್ರೂಪ್ (ಒಂದರ ನಂತರ ಒಂದು ಮಾಡಬಹುದಾದ, ಹಿಂದಕ್ಕೆ ತಿರುಗಿಸಲೂ ಬರುವ ಅದಲುಬದಲುಗಳ ಕೂಟ) ಅದರ ಮೇಲೆ ಕೆಲಸ ಮಾಡುತ್ತದೆ, ಯಾವ ಕವಲಿಗೆ ಇಳಿದು ನೋಡಿದರೂ ಅಲ್ಲಿ ಕಾಣುವುದು ಅದೇ ಗ್ರೂಪಿನ ಯಾವುದೋ ಅಂಶದ ಕೆಲಸವೇ. ಇಂಥ ಗ್ರೂಪ್‌ಗಳ ಲೆಕ್ಕ ಮಾಡುವುದೇ ಈ ಪ್ಯಾಕೇಜಿನ ಕೆಲಸ.

1980ರಲ್ಲಿ ಗಣಿತಜ್ಞ ಗ್ರಿಗೋರ್ಚುಕ್ ಕೊಟ್ಟ ಗ್ರೂಪ್ ಬೇಕೆಂದರೆ ಒಂದೇ ಸಾಲು ಟೈಪ್ ಮಾಡಿದರೆ ಸಾಕು. 'ಎ' ಎರಡು ಕವಲುಗಳನ್ನು ಅದಲುಬದಲು ಮಾಡುತ್ತದೆ. 'ಬಿ' ಎಂದರೆ ಎಡ ಕವಲಿನೊಳಗೆ 'ಎ'ಯ ಕೆಲಸ, ಬಲ ಕವಲಿನೊಳಗೆ 'ಸಿ'ಯ ಕೆಲಸ. 'ಸಿ' ಎಂದರೆ ಎಡಕ್ಕೆ 'ಎ', ಬಲಕ್ಕೆ 'ಡಿ'. 'ಡಿ' ಎಡಗಡೆ ಸುಮ್ನೆ ಇದ್ದು ಬಲಗಡೆ 'ಬಿ' ಆಗುತ್ತದೆ. ಅಷ್ಟೇ! 'ಎ', 'ಬಿ' ಎರಡರ ಗುಣಲಬ್ಧದ (ಒಂದರ ನಂತರ ಇನ್ನೊಂದು ಮಾಡುವುದರ) ಆರ್ಡರ್, ಅಂದರೆ ಎಷ್ಟು ಸಲ ಮಾಡಿದರೆ ಎಲ್ಲ ಮೊದಲಿನಂತಾಗುತ್ತದೆ ಎಂಬ ಸಂಖ್ಯೆ, ಕೇಳಿದರೆ 16 ಎಂದು ತಕ್ಷಣ ಹೇಳುತ್ತದೆ. ಪ್ರತಿ ಅಂಶದ ಆರ್ಡರೂ ಸೀಮಿತ, ಆದರೆ ಗ್ರೂಪ್ ಅನಂತ. ಎಂಥಾ ಚಂದ ಅಲ್ವಾ?

ನನಗೆ ತುಂಬಾ ಹಿಡಿಸಿದ್ದು ಹಂತ ಹಂತವಾಗಿ ನೋಡುವ ಸೌಲಭ್ಯ. ಮರದ ಮೊದಲ ಮೂರು ಹಂತಕ್ಕೆ ಈ ಗ್ರೂಪಿನ ಗಾತ್ರ (ಬೇರಿನಿಂದ ಆ ಹಂತದವರೆಗೆ ಅದು ಮಾಡುವ ಬೇರೆ ಬೇರೆ ಅದಲುಬದಲುಗಳ ಸಂಖ್ಯೆ) 2, 8, 128 ಎಂದು ಬರುತ್ತದೆ, ಮರದಲ್ಲಿ ಸಾಧ್ಯವಿರುವ ಎಲ್ಲ ಅದಲುಬದಲುಗಳೂ ಅಷ್ಟೇ ಇರುವುದರಿಂದ ಇದರಲ್ಲೇನು ವಿಶೇಷ ಅನ್ನಿಸುತ್ತದೆ. ನಾಲ್ಕನೇ ಹಂತಕ್ಕೆ ಬನ್ನಿ. ಮರಕ್ಕೆ 32,768, ಈ ಗ್ರೂಪಿಗೆ ಬರೀ 4,096. ಪುಸ್ತಕದಲ್ಲಿ ಸೂತ್ರ ಓದಿದಾಗ ಇದು ಇಷ್ಟು ಮನಸ್ಸಿಗೆ ತಟ್ಟಿರಲಿಲ್ಲ.

ಕೊರತೆಗಳೂ ಇವೆ. ಕೆಲಸವೆಲ್ಲ ಕಮಾಂಡ್ ಬರೆದೇ ಆಗಬೇಕು, ಮರದ ಚಿತ್ರ ನೀವೇ ಪೇಪರಿನಲ್ಲಿ ಬಿಡಿಸಿಕೊಳ್ಳಬೇಕು. ಕೈಪಿಡಿ ಇಂಗ್ಲಿಷಿನಲ್ಲಿದೆ, ಹೊಸಬರಿಗೆ ಸ್ವಲ್ಪ ಬಿಗಿ. ಕೆಲವು ಗ್ರೂಪ್‌ಗಳಲ್ಲಿ ಆರ್ಡರ್ ಕೇಳಿದರೆ ಉತ್ತರವೇ ಬರದಿರಬಹುದು, ಅದಕ್ಕೆ ಸಾಫ್ಟ್‌ವೇರನ್ನು ಬೈಯಬೇಡಿ: ಇಂಥ ಗ್ರೂಪ್‌ಗಳಲ್ಲಿ ಆರ್ಡರ್ ಸೀಮಿತವೋ ಅಲ್ಲವೋ ಎಂದು ಎಲ್ಲ ಸಂದರ್ಭದಲ್ಲೂ ಹೇಳಬಲ್ಲ ವಿಧಾನ ಇರಲು ಸಾಧ್ಯವೇ ಇಲ್ಲ ಎಂದು 2018ರಲ್ಲಿ ಗಣಿತಜ್ಞ ಜಿಲಿಬೆರ್ ಸಾಧಿಸಿದ್ದಾರೆ.

ಒಮ್ಮೆ ಇಳಿಸಿಕೊಂಡರೆ ನೆಟ್ ಬೇಕಿಲ್ಲ. ಮೊದಲ ಎರಡು ಹಂತ ಕೈಯಲ್ಲೇ ಲೆಕ್ಕ ಹಾಕಿ, ಆಮೇಲೆ ಇದನ್ನು ತೆರೆಯಿರಿ. ಐದಕ್ಕೆ ಐದು ಸ್ಟಾರ್.