ಬಾಯ್ಸ್ ಆಫ್ ಸಮ್ಮರ್: ಡಾನ್ ಹೆನ್ಲಿಯದ್ದು ಮೇಲೋ, ಅಟಾರಿಸ್‌ದು ಮೇಲೋ?

ಕವರ್ ಹಾಡು, ಅಂದರೆ ಒಬ್ಬರ ಹಾಡನ್ನು ಇನ್ನೊಬ್ಬರು ತಮ್ಮ ರೀತಿಯಲ್ಲಿ ಹಾಡಿದ್ದು, ಮೂಲಕ್ಕಿಂತ ಒಂದು ಕೈ ಕಡಿಮೆಯೇ ಅಂತ ಮೊದಲೇ ತೀರ್ಮಾನ ಮಾಡಿಕೊಂಡವರು ಈ ಜೋಡಿಯನ್ನು ಒಮ್ಮೆ ಕೇಳಬೇಕು. 'ದಿ ಬಾಯ್ಸ್ ಆಫ್ ಸಮ್ಮರ್' ಹಾಡನ್ನು ಡಾನ್ ಹೆನ್ಲಿ ಬಿಡುಗಡೆ ಮಾಡಿದ್ದು 1984ರ ಅಕ್ಟೋಬರಿನಲ್ಲಿ. ಅಮೆರಿಕದ ಇಂಡಿಯಾನಾ ರಾಜ್ಯದ ಆಂಡರ್ಸನ್ ಅನ್ನೋ ಊರಿನ ಅಟಾರಿಸ್ ಬ್ಯಾಂಡ್ ಅದೇ ಹಾಡನ್ನು 2003ರಲ್ಲಿ ತನ್ನ ಆಲ್ಬಂಗೆ ಹಾಕಿಕೊಂಡಿತು. ಎರಡನ್ನೂ ವರ್ಷಗಟ್ಟಲೆ ಕೇಳಿದ್ದೇನೆ. ಹೆಡ್‌ಫೋನಿನಲ್ಲಿ ಕೇಳಿದ್ದೇನೆ, ಕಾರಿನಲ್ಲಿ ಕೇಳಿದ್ದೇನೆ, ಗೆಳೆಯರ ಜೊತೆ ಕೂತು ಗಿಟಾರಿನಲ್ಲಿ ನುಡಿಸಿಯೂ ನೋಡಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಹಾಡಿನ ನೋವು ಪೂರ್ತಿಯಾಗಿ ಸಿಗೋದು ಹೆನ್ಲಿಯ ಹತ್ತಿರ ಮಾತ್ರ. ಆದರೆ ಅಟಾರಿಸ್ ಮಾಡಿದ ಒಂದು ಬದಲಾವಣೆ ಎಷ್ಟು ಸರಿಯಾಗಿದೆ ಅಂದರೆ, ಅದೊಂದಕ್ಕಾಗಿಯೇ ಅವರ ಹಾಡನ್ನೂ ಬಿಡೋಕೆ ಮನಸ್ಸಾಗುವುದಿಲ್ಲ.

ಮೊದಲು ಮೂಲದ ಕಥೆ. ಹೆನ್ಲಿ ಅಂದರೆ ಈಗಲ್ಸ್ ಬ್ಯಾಂಡಿನ ಡ್ರಮ್ಮರ್ ಮತ್ತು ಹಾಡುಗಾರ. ನಮ್ಮಲ್ಲಿ ಗಿಟಾರ್ ಕಲಿಯೋಕೆ ಹೋದ ಯಾರನ್ನೇ ಕೇಳಿ, 'ಹೋಟೆಲ್ ಕ್ಯಾಲಿಫೋರ್ನಿಯಾ' ಗೊತ್ತಿರುತ್ತದೆ. ಆ ದನಿಯೇ ಇದು. 1980ರಲ್ಲಿ ಈಗಲ್ಸ್ ಒಡೆದ ಮೇಲೆ ಆತ ಒಬ್ಬನೇ ಹಾಡೋಕೆ ಶುರು ಮಾಡಿದ. ಆದರೆ ಈ ಹಾಡಿನ ರಾಗ ಹುಟ್ಟಿದ್ದು ಬೇರೆಯವರ ಕೈಯಲ್ಲಿ. ಟಾಮ್ ಪೆಟಿಯ ಹಾರ್ಟ್‌ಬ್ರೇಕರ್ಸ್ ಬ್ಯಾಂಡಿನಲ್ಲಿ ಮೈಕ್ ಕ್ಯಾಂಪ್‌ಬೆಲ್ ಅನ್ನೋ ಗಿಟಾರ್ ವಾದಕ ಇದ್ದ. ಆತ ಮನೆಯಲ್ಲಿ ಲಿನ್ ಡ್ರಮ್ ಮಷೀನ್ ಮತ್ತು ಓಬರ್‌ಹೈಮ್ ಸಿಂಥ್ (ಕೀಬೋರ್ಡಿನಂತೆ ನುಡಿಸುವ ಎಲೆಕ್ಟ್ರಾನಿಕ್ ವಾದ್ಯ) ಇಟ್ಟುಕೊಂಡು ಒಂದು ಡೆಮೋ, ಅಂದರೆ ಹಾಡಿನ ಕಚ್ಚಾ ರೆಕಾರ್ಡಿಂಗ್, ಮಾಡಿದ್ದ. ಆಗ ಪೆಟಿಯ ಬ್ಯಾಂಡ್ 'ಸದರ್ನ್ ಆಕ್ಸೆಂಟ್ಸ್' ಆಲ್ಬಂ ಮಾಡುತ್ತಿತ್ತು, ಈ ರಾಗ ಅದಕ್ಕೆ ಹೊಂದಲಿಲ್ಲ. ನಿರ್ಮಾಪಕ ಜಿಮ್ಮಿ ಐವೀನ್ ಮೂಲಕ ಡೆಮೋ ಹೆನ್ಲಿಯ ಕಡೆ ಹೋಯಿತು. ಹೆನ್ಲಿ ಅದಕ್ಕೆ ಸಾಹಿತ್ಯ ಬರೆದ. ರೆಕಾರ್ಡಿಂಗ್ ಎಲ್ಲಾ ಮುಗಿದ ಮೇಲೆ, ಶ್ರುತಿ ಬದಲಿಸೋಣ ಅಂದ. ಪಾಪ ಕ್ಯಾಂಪ್‌ಬೆಲ್, ಕೊನೆಯ ಸೋಲೋ (ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ) ಸೇರಿಸಿ ಎಲ್ಲವನ್ನೂ ಹೊಸ ಶ್ರುತಿಯಲ್ಲಿ ಮತ್ತೆ ನುಡಿಸಬೇಕಾಯಿತು. ಇವತ್ತು ನಾವು ಕೇಳೋದು ಆ ಎರಡನೇ ಸಲದ್ದು.

ನನಗೆ ತುಂಬಾ ಹಿಡಿಸಿದ ವಿಷಯ ಇನ್ನೊಂದಿದೆ. ಹೆನ್ಲಿ ಸ್ವತಃ ಡ್ರಮ್ಮರ್. ಆದರೂ ಈ ಹಾಡಿಗೆ ತಾನು ಡ್ರಮ್ ಬಾರಿಸಲಿಲ್ಲ, ಮಷೀನನ್ನು ಹಾಗೇ ಉಳಿಸಿಕೊಂಡ. ಕಿವಿಗೊಟ್ಟು ಕೇಳಿದರೆ ಯಾಕೆ ಅಂತ ಗೊತ್ತಾಗುತ್ತದೆ. ಮನುಷ್ಯ ಬಾರಿಸಿದರೆ ಚರಣ ಮುಗಿಯುವ ಹೊತ್ತಿಗೆ ಕೈ ತಾನಾಗಿ ಒಂದು ತುಣುಕು ಹಾಕಿಬಿಡುತ್ತದೆ, ಪಲ್ಲವಿ ಬರುತ್ತಿದೆ ಅಂದರೆ ಸ್ವಲ್ಪ ಜೋರಾಗುತ್ತದೆ. ಮಷೀನ್ ಅದ್ಯಾವುದನ್ನೂ ಮಾಡುವುದಿಲ್ಲ. ಹಾಡುವವನ ಎದೆ ಒಡೆದುಹೋಗುತ್ತಿದ್ದರೂ ಅದರ ಪಾಡಿಗೆ ಅದು ಟಿಕ್ ಟಿಕ್ ಅಂತ ಹೋಗುತ್ತಿರುತ್ತದೆ. ಮೇಲೆ ಸಿಂಥ್ ಮಂಜಿನ ಹಾಗೆ ಹರಡಿಕೊಂಡಿರುತ್ತದೆ. ನಡುವೆ ಗಿಟಾರ್ ಒಂದು ಸಣ್ಣ ಪಲುಕು ಹಾಕಿ ಸುಮ್ಮನಾಗುತ್ತದೆ, ಮತ್ತೆ ಎಲ್ಲೋ ಒಂದು ಪಲುಕು. ಹಾಡಿನ ತುಂಬಾ ಖಾಲಿ ಜಾಗ. ಸಾಹಿತ್ಯವೂ ಅದನ್ನೇ ಹೇಳುತ್ತದೆ, ಅಲ್ವಾ? ಬೇಸಿಗೆ ಮುಗಿದಿದೆ, ರಸ್ತೆಯಲ್ಲಿ ಯಾರೂ ಇಲ್ಲ, ಬೀಚಿನಲ್ಲಿ ಯಾರೂ ಇಲ್ಲ, ಇವನೊಬ್ಬ ಅವಳ ಮನೆ ಮುಂದೆ ಕಾರು ಓಡಿಸಿಕೊಂಡು ಹೋಗುತ್ತಾನೆ, ಅವಳು ಮನೆಯಲ್ಲಿಲ್ಲ ಅಂತ ಗೊತ್ತಿದ್ದೂ.

ಆಮೇಲೆ ಪಲ್ಲವಿ ಬರುತ್ತದೆ. ಚರಣವೆಲ್ಲಾ ಮೈನರ್‌ನಲ್ಲಿ ಇದ್ದದ್ದು, ಅಂದರೆ ದುಃಖದ ಛಾಯೆಯ ಸ್ವರಗಳಲ್ಲಿ ಇದ್ದದ್ದು, ಇಲ್ಲಿ ಮೇಜರ್ ಕಡೆ, ಹರ್ಷದ ಛಾಯೆಯ ಕಡೆ ಹೊರಳುತ್ತದೆ. ಒಂದು ಕ್ಷಣ ಬಿಸಿಲು ಬಿದ್ದಂತೆ ಅನಿಸುತ್ತದೆ, ಅವಳು ಕಣ್ಣ ಮುಂದೆ ಬರುತ್ತಾಳೆ. ಮುಗಿದ ಕೂಡಲೇ ಮತ್ತೆ ಅದೇ ಮೈನರ್, ಅದೇ ಮಷೀನ್. ಈ ಹಾಡು ಬಿಡುಗಡೆಯಾದಾಗ ಹೆನ್ಲಿಗೆ 37 ವರ್ಷ. ಗಂಟಲಿನ ಮೇಲ್ತುದಿಯಲ್ಲಿ ಹಾಡುತ್ತಾನೆ, ಆದರೆ ಕೂಗುವುದಿಲ್ಲ. ಅದೇ ಕಷ್ಟದ ಕೆಲಸ. ನಾನು ಜೊತೆಗೆ ಹಾಡೋಕೆ ನೋಡಿದಾಗೆಲ್ಲಾ ಆ ಎತ್ತರದಲ್ಲಿ ದನಿ ಕೂಗಾಗಿಬಿಡುತ್ತದೆ, ಮೆತ್ತಗೆ ಉಳಿಯೋದೇ ಇಲ್ಲ.

ಹೆಸರು, ಪ್ರಶಸ್ತಿ ಎಲ್ಲಾ ಬಂತು. ಬಿಲ್‌ಬೋರ್ಡ್ ಹಾಟ್ 100 ಅನ್ನೋ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 5ನೇ ಸ್ಥಾನ. ಫ್ರಾನ್ಸಿನ ಜಾನ್ ಬಾಪ್ಟಿಸ್ಟ್ ಮಾಂಡಿನೋ ಮಾಡಿದ ಕಪ್ಪು ಬಿಳುಪು ವಿಡಿಯೋಗೆ 1985ರಲ್ಲಿ ಎಂಟಿವಿಯ ವರ್ಷದ ವಿಡಿಯೋ ಪ್ರಶಸ್ತಿ. ಮರುವರ್ಷ ಗ್ರ್ಯಾಮಿ.

ಈಗ ಅಟಾರಿಸ್. ಕ್ರಿಸ್ ರೋ ಅನ್ನೋ ಹುಡುಗನ ಬ್ಯಾಂಡ್ ಇದು. ಮೂಲ ಹಾಡು ಬಂದಾಗ ಅವನಿನ್ನೂ ಪ್ರೈಮರಿ ಸ್ಕೂಲಿನ ವಯಸ್ಸಿನವ. 'ಸೋ ಲಾಂಗ್, ಅಸ್ಟೋರಿಯಾ' ಅವರ ಮೊದಲ ದೊಡ್ಡ ಕಂಪನಿಯ ಆಲ್ಬಂ, ಕೊಲಂಬಿಯಾ ಹೊರತಂದಿದ್ದು. ಆ ಆಲ್ಬಂ ಪೂರ್ತಿ ಕಳೆದುಹೋದ ದಿನಗಳ ಬಗ್ಗೆಯೇ ಇದೆ, ಹಾಗಾಗಿ ಈ ಕವರ್ ಅಲ್ಲಿ ಸುಮ್ನೆ ತುರುಕಿದಂತೆ ಕಾಣುವುದಿಲ್ಲ. ಬ್ಯಾಂಡ್ ಬೇರೆ ಹಾಡನ್ನು ಮುಂದೆ ತರುವ ಯೋಚನೆಯಲ್ಲಿದ್ದಾಗ ರೇಡಿಯೋದವರು ಇದನ್ನೇ ಎತ್ತಿಕೊಂಡರು. ಕೊನೆಗೆ ಹಾಟ್ 100ರಲ್ಲಿ 20ನೇ ಸ್ಥಾನಕ್ಕೆ ಬಂತು. ಇವತ್ತಿಗೂ ಆ ಬ್ಯಾಂಡ್ ಅಂದರೆ ಜಾಸ್ತಿ ಜನರಿಗೆ ನೆನಪಾಗೋದು ಈ ಹಾಡೇ.

ಇವರು ಮಾಡಿದ್ದೇನು ಅಂದರೆ, ಹೆನ್ಲಿ ಖಾಲಿ ಬಿಟ್ಟ ಜಾಗವನ್ನೆಲ್ಲಾ ತುಂಬಿದರು. ಸಿಂಥ್ ಇದ್ದಲ್ಲಿ ಡಿಸ್ಟಾರ್ಷನ್ ಹಾಕಿದ, ಅಂದರೆ ದನಿ ಒರಟಾಗಿಸಿದ ಗಿಟಾರ್. ಮಷೀನ್ ಇದ್ದಲ್ಲಿ ಬೆವರು ಸುರಿಸಿ ಬಾರಿಸುವ ಮನುಷ್ಯ. ಗತಿ ಹೆಚ್ಚಾಗಿದೆ, ಹಾಡು ಅರ್ಧ ನಿಮಿಷದಷ್ಟು ಚಿಕ್ಕದಾಗಿದೆ. ಮೂಲದ ಆ ಪ್ರಸಿದ್ಧ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಇಲ್ಲೂ ಇದೆ, ಆದರೆ ಇಲ್ಲಿ ಅದು ದೂರದಿಂದ ಕೇಳುವುದಿಲ್ಲ, ಮುಖಕ್ಕೇ ಬಂದು ಹೊಡೆಯುತ್ತದೆ. ರೋ ಹಾಡುವ ರೀತಿಯಲ್ಲಿ ಒಂದು ಹಟ ಇದೆ. ಹೆನ್ಲಿಯ ದನಿಯಲ್ಲಿ, ಅವಳು ಇನ್ನು ಬರುವುದಿಲ್ಲ ಅನ್ನೋದು ತೀರ್ಮಾನವಾಗಿರುತ್ತದೆ. ರೋನ ದನಿ ಅದನ್ನು ಒಪ್ಪಿಕೊಂಡಿಲ್ಲ. ಅವನು ಈಗಲೇ ಕಾರು ತಿರುಗಿಸಿಕೊಂಡು ಅವಳ ಮನೆಗೆ ಹೋಗಿ ಬಾಗಿಲು ಬಡಿಯುವ ಹಾಗೆ ಹಾಡುತ್ತಾನೆ. ಇಪ್ಪತ್ತೈದರ ಆಸುಪಾಸಿನವನ ದನಿ ಅದು, ಆ ವಯಸ್ಸಿಗೆ ಅದೇ ನಿಜ. ಅದಕ್ಕೇ ಆ ಹಾಡು ಸುಳ್ಳು ಅನಿಸುವುದಿಲ್ಲ. ಬೇರೆ ಎಷ್ಟೋ ರಾಕ್ ಕವರ್‌ಗಳಲ್ಲಿ ಗಿಟಾರಿನ ಸದ್ದು ಜಾಸ್ತಿ ಮಾಡಿದ್ದು ಬಿಟ್ಟರೆ ಹೊಸದು ಏನೂ ಇರುವುದಿಲ್ಲ. ಇದು ಆ ಜಾತಿಯದ್ದಲ್ಲ.

ಇನ್ನು ನಾನು ಹೇಳಿದ ಆ ಬದಲಾವಣೆ. ಮೂಲದ ಕೊನೆಯ ಚರಣದಲ್ಲಿ ಒಂದು ಸಾಲಿದೆ, ಕ್ಯಾಡಿಲಾಕ್ ಕಾರಿನ ಮೇಲೆ ಡೆಡ್‌ಹೆಡ್ ಸ್ಟಿಕರ್ ಕಂಡೆ ಅಂತ. ಡೆಡ್‌ಹೆಡ್ ಅಂದರೆ ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ ಅಭಿಮಾನಿಗಳು, ಅರವತ್ತರ ದಶಕದ ಹಿಪ್ಪಿ ಗುಂಪಿನವರು. ಕ್ಯಾಡಿಲಾಕ್ ಅಂದರೆ ದುಡ್ಡಿದ್ದವರ ಕಾರು. ಹೆನ್ಲಿ ಇದನ್ನು ಕಣ್ಣಾರೆ ಕಂಡಿದ್ದ. ಸ್ಯಾನ್ ಡಿಯಾಗೋ ಫ್ರೀವೇಯಲ್ಲಿ ಹೋಗುವಾಗ 21,000 ಡಾಲರಿನ ಕ್ಯಾಡಿಲಾಕ್ ಸೆವಿಲ್ ಒಂದು ಅವನನ್ನು ದಾಟಿ ಮುಂದೆ ಹೋಯಿತು, ಅದರ ಹಿಂದೆ ಆ ಸ್ಟಿಕರ್ ಇತ್ತು, ಅಂತ ಆಮೇಲೆ ಸಂದರ್ಶನದಲ್ಲಿ ಹೇಳಿದ್ದಾನೆ. ದುಡ್ಡೇ ಬೇಡ, ವ್ಯವಸ್ಥೆಯೇ ಬೇಡ ಅಂದಿದ್ದ ಪೀಳಿಗೆ ಈಗ ಅದೇ ದುಡ್ಡಿನ ಕಾರಿನಲ್ಲಿ ಕೂತಿದೆ. ಒಬ್ಬ ಹುಡುಗಿಯನ್ನು ಕಳೆದುಕೊಂಡ ಹಾಡು ಅಂತ ಅಲ್ಲಿವರೆಗೆ ಕೇಳುತ್ತಿದ್ದವರಿಗೆ, ಇದು ಇಡೀ ಪೀಳಿಗೆ ತನ್ನನ್ನೇ ಕಳೆದುಕೊಂಡ ಹಾಡು ಅಂತ ಆ ಒಂದು ಸಾಲಿನಲ್ಲಿ ತಿಳಿಯುತ್ತದೆ.

2003ರಲ್ಲಿ ಪಂಕ್ ಹುಡುಗರು, ಅಂದರೆ ವೇಗದ, ಒರಟು ರಾಕ್ ನುಡಿಸುವವರು, ಅದೇ ಸಾಲನ್ನು ಹಾಗೇ ಹಾಡಿದ್ದರೆ ಅದಕ್ಕೆ ಅರ್ಥ ಇರುತ್ತಿರಲಿಲ್ಲ. ಗ್ರೇಟ್‌ಫುಲ್ ಡೆಡ್ ಅವರ ಅಪ್ಪಂದಿರ ಕಾಲದ ಬ್ಯಾಂಡ್. ರೋ ಅಲ್ಲಿ ಬ್ಲ್ಯಾಕ್ ಫ್ಲ್ಯಾಗ್ ಅಂತ ಹಾಕಿದ. ಬ್ಲ್ಯಾಕ್ ಫ್ಲ್ಯಾಗ್ ಕ್ಯಾಲಿಫೋರ್ನಿಯಾದ ಹರ್ಮೋಸಾ ಬೀಚಿನ ಪಂಕ್ ಬ್ಯಾಂಡ್, 1986ರಲ್ಲಿ ಒಡೆದುಹೋಯಿತು. ಅವರ ನಾಲ್ಕು ಕಪ್ಪು ಪಟ್ಟಿಗಳ ಗುರುತನ್ನು ಮೈಮೇಲೆ ಹಚ್ಚೆ ಹಾಕಿಸಿಕೊಂಡವರು ಎಷ್ಟೋ ಮಂದಿ. ಹೆನ್ಲಿ ಈ ಹಾಡು ಬರೆಯುತ್ತಿದ್ದ ಹೊತ್ತಿಗೆ ಬ್ಲ್ಯಾಕ್ ಫ್ಲ್ಯಾಗ್ ಸಣ್ಣ ಸಣ್ಣ ಹಾಲ್‌ಗಳಲ್ಲಿ ಆರ್ಭಟಿಸುತ್ತಿತ್ತು. ಆ ಆರ್ಭಟ ಕೇಳಿ ಬೆಳೆದವರು ಇಪ್ಪತ್ತು ವರ್ಷದಲ್ಲಿ ಕ್ಯಾಡಿಲಾಕ್ ಕೊಳ್ಳುವ ಹಂತಕ್ಕೆ ಬಂದರು. ಒಂದೇ ಒಂದು ಹೆಸರು ಬದಲಾಯಿತು, ಗಾಯ ಮಾತ್ರ ಅದೇ. ಹಾಡನ್ನು ಒಳಗಿನಿಂದ ಅರ್ಥ ಮಾಡಿಕೊಳ್ಳದವನಿಗೆ ಇದು ಹೊಳೆಯುವುದಿಲ್ಲ. ನನ್ನ ಮಟ್ಟಿಗೆ ಇಡೀ ಕವರಿನ ಜೀವ ಈ ಸಾಲಿನಲ್ಲಿದೆ.

ನುಡಿಸಿ ನೋಡಿದಾಗ ವ್ಯತ್ಯಾಸ ಇನ್ನೂ ಚೆನ್ನಾಗಿ ಗೊತ್ತಾಯಿತು. ಅಟಾರಿಸ್ ರೀತಿಯಲ್ಲಿ ನುಡಿಸೋದು ಸುಲಭ. ಪವರ್ ಕಾರ್ಡ್ (ಎರಡೇ ಸ್ವರದ ಸುಲಭ ಗಿಟಾರ್ ಹಿಡಿತ) ಗೊತ್ತಿದ್ದರೆ ಸಾಕು, ಮೂರು ಜನ ಸೇರಿದರೆ ಒಂದು ಸಂಜೆಯಲ್ಲಿ ಹಾಡು ಕೂತುಬಿಡುತ್ತದೆ, ಪಲ್ಲವಿ ಬಂದಾಗ ರೂಮಿನಲ್ಲಿರುವ ಎಲ್ಲರೂ ದನಿ ಸೇರಿಸುತ್ತಾರೆ. ತಪ್ಪು ಮಾಡಿದರೂ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಹೆನ್ಲಿಯದ್ದು ಹಾಗಲ್ಲ. ನಮ್ಮ ಡ್ರಮ್ಮರ್ ಗೆಳೆಯ ಮಷೀನಿನ ಹಾಗೆ ಬಾರಿಸೋಕೆ ಪ್ರಯತ್ನಪಟ್ಟ. ಸ್ವಲ್ಪ ಹೊತ್ತು ಸರಿ ಇರುತ್ತಿತ್ತು, ಆಮೇಲೆ ಕೈ ತಡೆಯದೆ ಒಂದು ಫಿಲ್, ಅಂದರೆ ಮೊದಲೇ ಹೇಳಿದ ಆ ತುಣುಕು, ಬರುತ್ತಿತ್ತು, ಹಾಡು ತಕ್ಷಣ ಬೇರೆಯಾಗಿಬಿಡುತ್ತಿತ್ತು. ನನಗೂ ಅಷ್ಟೇ ಪಾಡು. ಕ್ಯಾಂಪ್‌ಬೆಲ್‌ನ ಪಲುಕುಗಳು ಒಂದೊಂದೂ ಬೆರಳಿಗೆ ಸುಲಭವೇ. ಆದರೆ ಒಂದು ಪಲುಕು ಹಾಕಿ ಇನ್ನೊಂದು ಬರುವವರೆಗೆ ಸುಮ್ಮನೆ ಕೈ ಕಟ್ಟಿ ನಿಲ್ಲಬೇಕಲ್ಲ, ಅದು ಆಗುವುದಿಲ್ಲ. ಗಿಟಾರ್ ಕೈಯಲ್ಲಿದ್ದಾಗ ಮೌನ ಕಾಯೋದು ಎಷ್ಟು ಕಷ್ಟ ಅಂತ ಈ ಹಾಡು ಕಲಿಸಿಕೊಟ್ಟಿತು. ಕೊನೆಯ ಸೋಲೋ ಬಗ್ಗೆ ಹೇಳಲೇಬೇಕು. ಅಲ್ಲಿ ವೇಗದ ಪ್ರದರ್ಶನ ಇಲ್ಲ. ಹೆನ್ಲಿ ಹಾಡೋದು ನಿಲ್ಲಿಸಿದ ಮೇಲೆ ಗಿಟಾರ್ ಆ ಮಾತನ್ನು ಎತ್ತಿಕೊಂಡು ತಾನೇ ಮುಂದುವರಿಸುತ್ತದೆ, ಹಾಡು ನಿಧಾನಕ್ಕೆ ಕರಗುವವರೆಗೂ. ಕವರಿನಲ್ಲಿ ನನಗೆ ತುಂಬಾ ಕೊರತೆ ಅನಿಸೋದು ಇದೇ.

ಯಾವಾಗ ಯಾವುದು ಅಂತ ಕೇಳಿದರೆ, ಹಗಲು ಹೈವೇಯಲ್ಲಿ ಕಾರಿನ ಗಾಜು ಇಳಿಸಿ ಹೋಗುವಾಗ ಅಟಾರಿಸ್. ಟೈರಿನ ಸದ್ದು, ಗಾಳಿಯ ಸದ್ದು ಎಲ್ಲದರ ಮೇಲೂ ಅದು ಕೇಳುತ್ತದೆ. ಹೆನ್ಲಿಯ ಹಾಡಿನ ಅರ್ಧದಷ್ಟು ಅಲ್ಲಿ ಗಾಳಿಗೇ ಹೋಗಿಬಿಡುತ್ತದೆ. ರಾತ್ರಿ ಒಬ್ಬರೇ ಇದ್ದಾಗ, ಒಳ್ಳೆ ಹೆಡ್‌ಫೋನ್ ಇದ್ದಾಗ, ಹೆನ್ಲಿ ಬಿಟ್ಟು ಬೇರೆ ಮಾತೇ ಇಲ್ಲ. ನಾಲ್ಕು ಜನ ಸೇರಿ ಹಾಡೋಕೆ ಮತ್ತೆ ಅಟಾರಿಸ್.

ಒಂದನ್ನೇ ಇಟ್ಟುಕೋ ಅಂದರೆ ಹೆನ್ಲಿಯದ್ದನ್ನೇ ಇಟ್ಟುಕೊಳ್ಳುತ್ತೇನೆ, ಅದರಲ್ಲಿ ಅನುಮಾನವಿಲ್ಲ. ಜಾತ್ರೆ ಮುಗಿದ ಮಾರನೇ ದಿನ ರಥಬೀದಿಯಲ್ಲಿ ನಡೆದರೆ ಹೇಗಿರುತ್ತದೋ ಹಾಗಿದೆ ಅದು, ಮತ್ತು ಆ ಖಾಲಿತನವನ್ನು ಯಾವ ಡಿಸ್ಟಾರ್ಷನ್ನೂ ಕೊಡಲಾರದು. ಕಾಲೇಜು ಹುಡುಗರು ಬ್ಯಾಂಡ್ ಕಟ್ಟಿ ಈ ಹಾಡು ಎತ್ತಿಕೊಳ್ಳುವುದಾದರೆ ನನ್ನ ಸಲಹೆ ಬೇರೆ. ಅಟಾರಿಸ್ ರೀತಿಯಲ್ಲೇ ಶುರು ಮಾಡಿ, ಮೈ ಬಿಸಿಯಾಗಲಿ. ಆದರೆ ನಿಮ್ಮಲ್ಲೊಬ್ಬ ಗಿಟಾರಿನವ ಕ್ಯಾಂಪ್‌ಬೆಲ್‌ನ ಆ ಕೊನೆಯ ಸೋಲೋ ಪೂರ್ತಿ ಕಲಿತು ಬರಲಿ, ಹಾಡಿನ ತುದಿಗೆ ಅದನ್ನು ಸೇರಿಸಿ, ಡ್ರಮ್ಮರಿಗೆ ಅಷ್ಟು ಹೊತ್ತು ಸ್ವಲ್ಪ ಮೆತ್ತಗೆ ಬಾರಿಸೋಕೆ ಹೇಳಿ.