ಪೈಥಾನ್ 2ರಿಂದ 3ಕ್ಕೆ: 2ಟು3, ಸಿಕ್ಸ್, ಡಾಕರ್, ಇಲ್ಲವೇ ಕೈಯಾರೆ?

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೇ 2ನೇ ಆವೃತ್ತಿಯಲ್ಲಿ ಬರೆದ ಕೋಡನ್ನು 3ಕ್ಕೆ ತರುವುದು ಹೇಗೆ? ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಕೈಯಾರೆ ತಿದ್ದುವುದಕ್ಕೇ. ಮುಂಬಯಿ ಉಪನಗರದ ನಮ್ಮ ಕನ್ನಡ ಸಂಘ ಈ ಕೆಲಸವನ್ನು ಹೊರಗಿನವರೊಬ್ಬರಿಗೆ ದುಡ್ಡು ಕೊಟ್ಟು ಮಾಡಿಸಿತ್ತು. ಬಂದ ಪ್ಯಾಕೇಜ್ ಒಂದು ಸಾಲನ್ನೂ ಓದದೆ ಕೂತಾಗ ಅದು ನನ್ನ ತಲೆಗೆ ಬಂತು. ಹಾಗಾಗಿ ಇಲ್ಲಿ ನಿಷ್ಪಕ್ಷಪಾತ ಹುಡುಕಬೇಡಿ.

ತಂತ್ರಾಂಶ ಸಣ್ಣದು. ನುಡಿ ಫಾಂಟಿನಲ್ಲಿ ಟೈಪಾದ ಹಳೇ ಫೈಲುಗಳನ್ನು ಯುನಿಕೋಡ್‌ಗೆ ಬದಲಿಸುತ್ತದೆ. ಮುಕ್ತ ತಂತ್ರಾಂಶ, ಡೆಬಿಯನ್ ಎಂಬ ಲಿನಕ್ಸ್‌ನ ಪ್ಯಾಕೇಜ್, ಬರೆದದ್ದು ಪೈಥಾನ್ 2.7ರಲ್ಲಿ. ಸಂಘದ ಸ್ಮರಣ ಸಂಚಿಕೆಗಳು, ಯಕ್ಷಗಾನ ಪ್ರಸಂಗಗಳ ಪ್ರತಿಗಳು ಎಲ್ಲಕ್ಕೂ ಇದೇ ದಾರಿ. ಆಫೀಸಿನ ಕಂಪ್ಯೂಟರ್ ಡೆಬಿಯನ್ 12ಕ್ಕೆ ಏರಿದ್ದೇ ತಡ, ಇದು ನಿಂತಿತು. ಆ ಆವೃತ್ತಿಯಲ್ಲಿ 2.7 ಇಲ್ಲವೇ ಇಲ್ಲ. ಅದರ ಬೆಂಬಲವಂತೂ 2020ರ ಜನವರಿ 1ಕ್ಕೇ ಮುಗಿದಿತ್ತು.

2ಟು3: ಪೈಥಾನ್ 2ರ ಕೋಡನ್ನು ತಾನಾಗಿಯೇ 3ಕ್ಕೆ ತಿದ್ದುವ ಪ್ರೋಗ್ರಾಂ. ದುಡ್ಡು ತೆಗೆದುಕೊಂಡವರು ಇದನ್ನು ಓಡಿಸಿ ಕೈತೊಳೆದುಕೊಂಡಿದ್ದರು. ಪ್ರಿಂಟ್‌ಗೆ ಆವರಣ ಹಾಕುತ್ತದೆ, ಹ್ಯಾಸ್-ಕೀ ತೆಗೆಯುತ್ತದೆ, ಯುನಿಕೋಡ್ ಎಂದಿದ್ದಲ್ಲಿ ಸ್ಟ್ರಿಂಗ್ ಮಾಡುತ್ತದೆ. ಕೋಡ್ ನೋಡಲು ಹೊಸದೇ. ಆದರೆ ಯಾವುದು ಬೈಟ್ (ಫೈಲಿನಲ್ಲಿರುವ ಬರೀ ಸಂಖ್ಯೆ), ಯಾವುದು ಪಠ್ಯ ಎಂದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ನಮ್ಮ ಗೋಳೆಲ್ಲ ಇದ್ದದ್ದು ಅಲ್ಲೇ.

ನುಡಿಯ ಹಳೇ ಫಾಂಟಿನಲ್ಲಿ ‘ಕ’ ಎಂದರೆ ಎರಡು ತುಂಡು. ಅಕ್ಷರದ ಮೈ ಇಂಗ್ಲಿಷಿನ ದೊಡ್ಡ ‘ಪಿ’ ಜಾಗದಲ್ಲಿ ಕೂರುತ್ತದೆ, ತಲೆಕಟ್ಟು ಸಿ0 ಎಂಬ ಬೈಟಿನಲ್ಲಿ. ಪೈಥಾನ್ 2 ಫೈಲ್ ತೆರೆದರೆ ಬೈಟುಗಳನ್ನು ಇದ್ದ ಹಾಗೇ ಕೈಗಿಡುತ್ತಿತ್ತು. ಪೈಥಾನ್ 3 ಹಾಗಲ್ಲ. ನಾವು ಏನೂ ಹೇಳದಿದ್ದರೆ ಇವತ್ತಿನ ಲಿನಕ್ಸ್‌ಗಳಲ್ಲಿ ಸಾಮಾನ್ಯವಾಗಿ ಯುಟಿಎಫ್-8 (ಯುನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ರೀತಿ) ಎಂದೇ ಓದುತ್ತದೆ. ಯುಟಿಎಫ್-8ರಲ್ಲಿ ಸಿ0 ಎಲ್ಲೂ ಬರುವಂತಿಲ್ಲ. ಅಂದರೆ ‘ಕನ್ನಡ’ ಎಂಬ ಪದದ ಎರಡನೇ ಬೈಟಿಗೇ ‘ಇನ್‌ವ್ಯಾಲಿಡ್ ಸ್ಟಾರ್ಟ್ ಬೈಟ್’ ಎಂದು ಮುಗ್ಗರಿಸುತ್ತದೆ.

ದೂರಿದ್ದಕ್ಕೆ ಬಂದ ಎರಡನೇ ಪ್ರತಿ ಇನ್ನೂ ಅಪಾಯದ್ದು. ಓದಲಾಗದ ಬೈಟುಗಳನ್ನು ‘ಇಗ್ನೋರ್’ ಮಾಡು ಎಂದು ಬರೆದಿದ್ದರು. ಎರರ್ ಮಾಯ, ಜೊತೆಗೆ ಕನ್ನಡವೂ ಮಾಯ. ತಲೆಕಟ್ಟು, ‘ನ’ದ ಮೈ, ಅದರ ಒತ್ತು ಎಲ್ಲ ಹಾರಿಹೋಗಿ ‘ಕನ್ನಡ’ದ ಜಾಗದಲ್ಲಿ ಇಂಗ್ಲಿಷಿನ ಪಿ ಮತ್ತು ಕ್ಯೂ ಎರಡೇ ಉಳಿದಿದ್ದವು. ಕೆಲಸ ಆಯಿತೆಂದು ಬಿಲ್ ಬೇರೆ ಕಳಿಸಿದ್ದರು!

ಸರಿಯಾದ ಮದ್ದು, ಫೈಲನ್ನು ವಿಂಡೋಸ್-1252 (ಯಾವ ಬೈಟಿಗೆ ಯಾವ ಅಕ್ಷರ ಎನ್ನುವ ಹಳೇ ವಿಂಡೋಸ್ ಪಟ್ಟಿ) ಎಂದು ಹೆಸರು ಹೇಳಿ ತೆರೆಯುವುದು. ಅಂಥದೇ ಇನ್ನೊಂದು ಪಟ್ಟಿ ಲ್ಯಾಟಿನ್-1 ಎಂದರೂ ನಡೆಯುತ್ತದೆ, ಅದು ಯಾವ ಬೈಟಿಗೂ ತಕರಾರು ಮಾಡುವುದಿಲ್ಲ. ಆದರೆ ವರ್ಡ್‌ನಿಂದ ಬಂದ ಬಾಗಿದ ಉದ್ಧರಣ ಚಿಹ್ನೆಗಳು ಅದರಲ್ಲಿ ಕಣ್ಣಿಗೆ ಕಾಣದ ನಿಯಂತ್ರಣ ಸಂಕೇತಗಳಾಗಿಬಿಡುತ್ತವೆ. 1252ರಲ್ಲಿ ಐದು ಜಾಗ ಖಾಲಿ. ಅಂಥ ಬೈಟ್ ಸಿಕ್ಕರೆ ಪೈಥಾನ್ ನಿಲ್ಲುತ್ತದೆ. ನನಗೆ ಅದೇ ಬೇಕು. ಫೈಲ್ ಕೆಟ್ಟಿದೆ ಎಂದು ಆಗಲೇ ತಿಳಿಯಲಿ.

ಅಂದಹಾಗೆ, 2ಟು3 ಪೈಥಾನ್ 3.13ರಿಂದ ಹೊರಬಿದ್ದಿದೆ. ಪೈಥಾನ್ ಪ್ಯಾಕೇಜ್ ಕಟ್ಟುವ ಸೆಟಪ್‌ಟೂಲ್ಸ್ ಕೂಡ 2021ರಲ್ಲಿ, 58ನೇ ಆವೃತ್ತಿಯಲ್ಲೇ, ಅದರ ಕೈಬಿಟ್ಟಿತು.

ಸಿಕ್ಸ್: ಇದೊಂದು ಪೈಥಾನ್ ಲೈಬ್ರರಿ, ಎರಡೂ ಪೈಥಾನ್‌ಗಳಲ್ಲಿ ಒಂದೇ ಕೋಡ್ ಓಡಬೇಕಾದವರಿಗೆ ಒಳ್ಳೆಯದು. ನಮ್ಮಲ್ಲಿ 2.7 ಇಟ್ಟುಕೊಂಡವರು ಯಾರೂ ಉಳಿದಿಲ್ಲ. ಮೇಲಾಗಿ ಅರ್ಕಾವತ್ತಿನ ಕಾಟ ಇದರಲ್ಲೂ ತಪ್ಪಲಿಲ್ಲ. ನುಡಿಯಲ್ಲಿ ‘ಧರ್ಮ’ ಬರೆದರೆ ಅರ್ಕಾವತ್ತು ‘ಮ’ದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ‘ರ್’ ಅದಕ್ಕೂ ಮುಂಚೆ ಹೋಗಬೇಕು. ಹಳೇ ಕೋಡ್ ಬೈಟ್ ಬೈಟ್ ನೋಡಿ ಇದನ್ನು ಹಿಂದಕ್ಕೆ ಸರಿಸುತ್ತಿತ್ತು. ಪೈಥಾನ್ 3ರಲ್ಲಿ ಬೈಟುಗಳ ಸಾಲಿನಿಂದ ಒಂದನ್ನು ತೆಗೆದರೆ ಸಿಗುವುದು ಅಕ್ಷರವಲ್ಲ, ಸಂಖ್ಯೆ. ಹೋಲಿಕೆ ಎಂದೂ ನಿಜವಾಗುವುದಿಲ್ಲ, ಎರರೂ ಬರುವುದಿಲ್ಲ. ಸಿಕ್ಸ್‌ನಲ್ಲಿ ಇದಕ್ಕೆಂದೇ ಫಂಕ್ಷನ್ ಇದೆ, ನಿಜ. ಆದರೆ ಎಲ್ಲಿ ಹಾಕಬೇಕೆಂದು ಹುಡುಕುವವರು ನಾವೇ. ಹುಡುಕಿದ ಮೇಲೆ ನೇರವಾಗಿಯೇ ತಿದ್ದಬಾರದೇಕೆ?

ಡಾಕರ್: ಪ್ರೋಗ್ರಾಂ ಅನ್ನು ಅದಕ್ಕೆ ಬೇಕಾದ್ದೆಲ್ಲದರ ಜೊತೆ ಬೇರೆ ಪೆಟ್ಟಿಗೆಯಲ್ಲಿಟ್ಟು ಓಡಿಸುವ ತಂತ್ರಾಂಶ. 2.7ರ ಇಮೇಜ್ (ಅಂಥ ಸಿದ್ಧ ಪೆಟ್ಟಿಗೆ) ಇಳಿಸಿ ಓಡಿಸಿದರೆ ಅದೇ ದಿನ ಕೆಲಸ ಶುರು, ಕೋಡ್ ಮುಟ್ಟಬೇಕಿಲ್ಲ. ಒಂದೇ ಸಲ ಎಲ್ಲ ಬದಲಿಸಿ ಮುಗಿಸುವವರು ಇದನ್ನೇ ಮಾಡಿ. ನಮ್ಮ ಆಫೀಸಿನದ್ದು 4 ಜಿಬಿ ರ‍್ಯಾಮಿನ ಹಳೇ ಡಬ್ಬ, ಅದರ ಮುಂದೆ ಕೂರುವವರು ಟರ್ಮಿನಲ್ ಕಂಡರೆ ಎದ್ದು ಚಹಾಕ್ಕೆ ಹೋಗುವ ಖಜಾಂಚಿಗಳು.

ಆದರೂ ಕೈಯಾರೆ ತಿದ್ದುವಾಗ ಡಾಕರ್ ಕೈಹಿಡಿಯಿತು. ಹಳೇ ಪ್ರೋಗ್ರಾಂನಿಂದ ಕೆಲವು ಸಂಚಿಕೆಗಳನ್ನು ಬದಲಿಸಿಟ್ಟುಕೊಂಡು, ಹೊಸದರ ಫಲಿತಾಂಶವನ್ನು ಅದರ ಪಕ್ಕ ಇಟ್ಟು ಡಿಫ್ (ಎರಡರ ನಡುವಿನ ವ್ಯತ್ಯಾಸ) ನೋಡುತ್ತಿದ್ದೆ. ಡೊಂಬಿವಲಿ ಲೋಕಲ್‌ನಲ್ಲಿ ಸೀಟು ಸಿಕ್ಕ ದಿನಗಳಲ್ಲಿ ಒಂದೊಂದು ಫಂಕ್ಷನ್. ಓದುವಾಗ ಒಮ್ಮೆ ಡಿಕೋಡ್ (ಬೈಟಿನಿಂದ ಪಠ್ಯ), ಬರೆಯುವಾಗ ಒಮ್ಮೆ ಎನ್‌ಕೋಡ್ (ಪಠ್ಯದಿಂದ ಬೈಟ್), ನಡುವೆ ಬರೀ ಪಠ್ಯ. ಭಾಗಾಕಾರವೂ ಬದಲಾಗಿದೆ, ಪುಟಸಂಖ್ಯೆ 12.5 ಎಂದು ಬಂದರೆ ಅಲ್ಲಿ ಎರಡು ಓರೆಗೆರೆ ಹಾಕಿ. ಪ್ಯಾಕೇಜಿನ ಕಡೆ ಕೆಲಸ ಕಡಿಮೆ: ಅವಲಂಬನೆಗಳ ಹೆಸರಿಗೆ 3 ಸೇರಿಸಿ, ಮೊದಲ ಸಾಲಿನ ಪೈಥಾನ್‌ಗೂ 3 ಸೇರಿಸಿ, ಮತ್ತೆ ಬಿಲ್ಡ್ ಮಾಡಿ.

ಬಿಡುವೂ ಹಠವೂ ಇದ್ದು ಕೋಡ್ ಸಣ್ಣದಾಗಿದ್ದರೆ ಕೈಯಾರೆ ಮಾಡಿ, ಖರ್ಚು ಸೊನ್ನೆ. ದುಡ್ಡು ಕೊಟ್ಟೇ ಮಾಡಿಸುವುದಾದರೆ ಅರ್ಕಾವತ್ತು, ಒತ್ತಕ್ಷರ, ಉದ್ಧರಣ ಚಿಹ್ನೆ ಮೂರೂ ಇರುವ ಒಂದು ಪುಟ ಮೊದಲು ಕೊಡಿ. ಅದು ನೆಟ್ಟಗೆ ಬಂದ ಮೇಲೆಯೇ ಮುಂಗಡದ ಮಾತು.