ಪ್ರಾಣಿಗಳ ಟ್ಯಾರೋ ಕಾರ್ಡ್: ಮೂರು ವರ್ಷ ದಿನಾ ನೋಡಿದ ಮೇಲೆ

ನಾನು ಮೈಸೂರಿನಲ್ಲಿ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತೇನೆ. ಈ ಟ್ಯಾರೋ ಕಾರ್ಡ್‌ಗಳನ್ನು ತರಿಸಿದ್ದು ಭವಿಷ್ಯ ನೋಡುವುದಕ್ಕಲ್ಲ, ಚಿತ್ರಗಳಿಗೋಸ್ಕರ. ಆಗ ಸುಮಾರು 2,600 ರೂಪಾಯಿ ಕೊಟ್ಟೆ. ಮೂರು ವರ್ಷದಿಂದ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತಾಗ ಒಂದು ಎಲೆ ತೆಗೆಯುತ್ತೇನೆ, ಐದು ನಿಮಿಷ ಸುಮ್ನೆ ನೋಡುತ್ತೇನೆ.

ಟ್ಯಾರೋ ಗೊತ್ತಿಲ್ಲದವರಿಗೆ ಎರಡು ಮಾತು. ಒಟ್ಟು 78 ಎಲೆ. ಅದರಲ್ಲಿ 22 ಮುಖ್ಯವಾದವು. ಉಳಿದ 56 ಎಲೆ ನಮ್ಮ ಇಸ್ಪೀಟಿನ ಹಾಗೆ ನಾಲ್ಕು ಗುಂಪು: ಕೋಲು, ಬಟ್ಟಲು, ಕತ್ತಿ, ನಾಣ್ಯ. ಹದಿನೈದನೇ ಶತಮಾನದ ಇಟಲಿಯಲ್ಲಿ ಇದು ಬರೀ ಆಟ, ಶಕುನ ಕೇಳುವುದು ಶುರುವಾಗಿದ್ದು ಎಷ್ಟೋ ಕಾಲದ ನಂತರ. ಈಗ ಜಾಸ್ತಿ ಜನ ಬಳಸುವ ಚಿತ್ರಗಳು 1909ರಲ್ಲಿ ಲಂಡನ್‌ನಲ್ಲಿ ಬಂದವು. ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ನನ್ನ ಹತ್ತಿರ ಇರುವ ಕಾರ್ಡ್‌ಗಳ ಕಲಾವಿದೆ ಆ ಚಿತ್ರಗಳಿಂದ ಮನುಷ್ಯರನ್ನೆಲ್ಲ ತೆಗೆದು ಪ್ರಾಣಿಗಳನ್ನು ಕೂರಿಸಿದ್ದಾರೆ.

ಸುಮ್ನೆ ರಾಜನ ತಲೆ ತೆಗೆದು ಸಿಂಹದ ತಲೆ ಅಂಟಿಸಿದ್ದರೆ ನಾನು ಒಂದೇ ವಾರಕ್ಕೆ ಎತ್ತಿಡುತ್ತಿದ್ದೆ. 'ಶಕ್ತಿ' ಅನ್ನುವ ಎಲೆ ನೋಡಿ. ಹಳೆಯ ಚಿತ್ರದಲ್ಲಿ ಒಬ್ಬ ಹೆಂಗಸು ಸಿಂಹದ ಬಾಯಿಯನ್ನು ಬರಿಗೈಯಲ್ಲಿ ಹಿಡಿದಿದ್ದಾಳೆ. ಇಲ್ಲಿ ಹೆಂಗಸಿಲ್ಲ. ಹೆಣ್ಣು ಸಿಂಹ ತನ್ನ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತಿದೆ. ಮರಿಯ ಕತ್ತಿನ ಸಡಿಲ ಚರ್ಮ ಮಾತ್ರ ಹಲ್ಲಿನ ನಡುವೆ ಇದೆ. ಹಿಂಗಾಲು ಮುದುಡಿದೆ, ಬಾಲ ಹೊಟ್ಟೆಗೆ ಅಂಟಿಕೊಂಡಿದೆ. ನಮ್ಮ ಹಿತ್ತಿಲ ಬೆಕ್ಕು ಮರಿ ಸಾಗಿಸುವಾಗಲೂ ಮರಿ ಥೇಟ್ ಹೀಗೇ ಇರುತ್ತದೆ. ಕೊಲ್ಲುವ ಹಲ್ಲೇ ಇಲ್ಲಿ ಎಷ್ಟು ಮೆತ್ತಗೆ ಹಿಡಿದಿದೆ ಅಂತ ಆ ಒಂದು ಮಡಿಕೆ ಚರ್ಮದಲ್ಲೇ ತೋರಿಸಿದ್ದಾರೆ. ಕಣ್ಣಾರೆ ನೋಡದೆ ಇದು ಬರುವುದಿಲ್ಲ.

ಸನ್ಯಾಸಿಯ ಎಲೆಯಲ್ಲಿ ಗೂಬೆ ಇದೆ. ಪಶ್ಚಿಮದವರಿಗೆ ಗೂಬೆ ಅಂದರೆ ಜ್ಞಾನ. ಅಮ್ಮ ಅದನ್ನು ನೋಡಿದ್ದೇ ತಡ, ಬೋರಲು ಹಾಕಿದಳು. "ಬೆಳಿಗ್ಗೆ ಎದ್ದು ಗೂಬೆ ಮುಖ ನೋಡ್ತೀಯಲ್ಲೇ! ಗಿಣಿಶಾಸ್ತ್ರದವರಾದ್ರೂ ಗಿಣಿ ಕೈಲಿ ಎಲೆ ತೆಗೆಸ್ತಾರೆ" ಅಂದಳು. ಬುಡುಬುಡಿಕೆಯವರು ಬಂದು ಹಾಲಕ್ಕಿ ನುಡಿಯಿತು ಅಂದರೆ ಅಕ್ಕಿ ತಂದು ಹಾಕುವ ಮನೆ ನಮ್ಮದು. ಹಾಗಾಗಿ ಅವಳ ಮಾತು ನನಗೆ ಅರ್ಥವಾಗುತ್ತದೆ. ಆದರೂ ಆ ಗೂಬೆಯ ರೆಕ್ಕೆಯ ಕಂದು ಬಣ್ಣ, ಒಂದರ ಮೇಲೊಂದು ತೆಳುವಾಗಿ ಹಚ್ಚಿದ ಜಲವರ್ಣ, ನನಗೆ ತುಂಬಾ ಇಷ್ಟ. ಅಮ್ಮ ಇಲ್ಲದಾಗ ತೆಗೆದು ನೋಡುತ್ತೇನೆ.

ಒಂದು ತಪ್ಪು ಮಾತ್ರ ಹೇಳಲೇಬೇಕು. 'ಮಹಾರಾಣಿ' ಎಲೆಯಲ್ಲಿ ಆನೆ ಇದೆ. ಜೊತೆಗೆ ಬರುವ ಕೈಪಿಡಿಯಲ್ಲಿ ಅದನ್ನು ಭಾರತದ ಆನೆ ಅಂತ ಬರೆದಿದ್ದಾರೆ. ಕಿವಿ ಹೆಗಲು ಮುಚ್ಚುವಷ್ಟು ಅಗಲ, ಬೆನ್ನಿನ ನಡುವೆ ತಗ್ಗು, ನೆತ್ತಿಯ ಮೇಲೆ ಎರಡು ಉಬ್ಬು ಇಲ್ಲ. ಅದು ಆಫ್ರಿಕಾದ ಆನೆ. ವರ್ಷಾ ವರ್ಷಾ ದಸರಾ ಆನೆಗಳ ಹಿಂದೆ ಓಡುವ ನನ್ನ ಮಕ್ಕಳು ನೋಡಿದ ತಕ್ಷಣ "ಇದು ನಮ್ಮಾನೆ ಅಲ್ಲ ಮಿಸ್" ಅಂದರು. ಕೈಪಿಡಿ ಒಟ್ಟಾರೆ ಸಪ್ಪೆ, ನಾನು ಎತ್ತಿಟ್ಟಿದ್ದೇನೆ.

ಕಾಗದ ದಪ್ಪ, ಬಣ್ಣ ಮಾಸಿಲ್ಲ. ಆದರೆ ಮಳೆಗಾಲದಲ್ಲಿ ಎಲೆಗಳು ಒಂದಕ್ಕೊಂದು ಅಂಟುತ್ತವೆ. ಅಂಚಿನ ಚಿನ್ನದ ಬಣ್ಣ ಮೊದಲ ವರ್ಷವೇ ಕೈಗೆ ಹತ್ತಿ ಹೋಯಿತು. ಎಲೆ ಉದ್ದ 12 ಸೆಂಟಿಮೀಟರ್, ಸಣ್ಣ ಕೈಯವರಿಗೆ ಕಲೆಸುವುದು ಕಷ್ಟ. ಬಂದಾಗಲೇ ಡಬ್ಬದ ಮೂಲೆ ಜಜ್ಜಿಹೋಗಿತ್ತು. ಫೋಟೋ ಕಳಿಸಿದರೂ ಮಾರಿದವರು ಉತ್ತರ ಕೊಡಲಿಲ್ಲ. ಈಗ ಹಳೇ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿಡುತ್ತೇನೆ.

ಎಲೆಯ ಮೇಲೆ ಚಿತ್ರ ಬರೆಯುವುದು ನಮ್ಮೂರಿಗೆ ಹೊಸದಲ್ಲ, ಅಲ್ವಾ? ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಇಲ್ಲಿ ಗಂಜೀಫಾ, ಅಂದರೆ ಕೈಯಲ್ಲಿ ಚಿತ್ರ ಬರೆದ ಆಟದ ಎಲೆಗಳ ಕಲೆ, ಬೆಳೆಯಿತು. ದಶಾವತಾರ ಗಂಜೀಫಾದಲ್ಲಿ 120 ದುಂಡು ಎಲೆ, ಅವತಾರಕ್ಕೆ 12. ಮೀನು, ಆಮೆ, ವರಾಹ ಎಲ್ಲ ಅಲ್ಲೂ ಇವೆ. ಗಂಜೀಫಾ ಬರೆಯುವವರು ಅಂಗೈಯಗಲದ ಜಾಗವನ್ನು ಹೂಬಳ್ಳಿಯಿಂದ ತುಂಬುತ್ತಾರೆ. ಈ ಕಲಾವಿದೆ ಅರ್ಧ ಎಲೆ ಬಿಳಿಯಾಗಿಯೇ ಬಿಡುತ್ತಾರೆ. ಎರಡನ್ನೂ ಅಕ್ಕಪಕ್ಕ ನೆನೆಸಿಕೊಂಡಾಗಲೇ ನನಗೆ ಖಾಲಿ ಜಾಗದ ಬೆಲೆ ಗೊತ್ತಾಗಿದ್ದು. ಈಗ ತರಗತಿಯಲ್ಲಿ ಮಕ್ಕಳಿಗೆ ಪೂರ್ತಿ ಹಾಳೆ ತುಂಬಿ ಅಂತ ಹೇಳುವುದನ್ನು ಬಿಟ್ಟಿದ್ದೇನೆ.

ಭವಿಷ್ಯಕ್ಕೋಸ್ಕರ ಕೊಳ್ಳುವವರಿಗೆ ನಾನು ಏನೂ ಹೇಳಲಾರೆ. ಚಿತ್ರ ಪ್ರೀತಿಸುವವರು ಖಂಡಿತ ತೊಗೊಳ್ಳಿ. ತೊಗೊಂಡರೆ ನಾಣ್ಯಗಳ ಒಂಬತ್ತನೇ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಪಮೇಲಾ ಅವರ ಚಿತ್ರದಲ್ಲಿ ಕೈಮೇಲೆ ಡೇಗೆ ಹಕ್ಕಿ ಕೂರಿಸಿಕೊಂಡ ಹೆಂಗಸಿನ ಕಾಲ ಬಳಿ ಒಂದು ಬಸವನಹುಳು ಇದೆ. ಇಲ್ಲಿ ಹೆಂಗಸು ಹೋಗಿ ಡೇಗೆ ಮಾತ್ರ ಉಳಿದಿದೆ ಅಂದುಕೊಂಡಿದ್ದೆ. ಹದಿನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕಂಡಿತು: ಕೆಳಗೆ ದ್ರಾಕ್ಷಿ ಎಲೆಯ ನೆರಳಲ್ಲಿ, ಅಕ್ಕಿಕಾಳಿನಷ್ಟು ಬಸವನಹುಳು, ಎರಡು ಕೊಂಬು ಮೇಲೆತ್ತಿಕೊಂಡು.